ಯಾರ ಮಗು, ಯಾವ ಅಂಗಿ?

ನಮ್ಮ ಸಂಘದ ಸಂಪಾದಕರು ನಮ್ಮನ್ನು ಕಂಡಾಗಲೆಲ್ಲ "ಡಾಕ್ಟರೇ, ವಿಜ್ಞಾನದ ಬಗ್ಗೆ ಒಂದು ಲೇಖನ ಕೊಡಿ" ಎನ್ನುವುದುಂಟು. ಹಗಲೆಲ್ಲ ಪ್ರಯೋಗಶಾಲೆಯಲ್ಲಿ ವೇಗವರ್ಧಕಗಳ ಜೊತೆ ಗುದ್ದಾಡಿ ಬಂದವರಿಗೆ ರಾತ್ರಿಯೂ ಅದನ್ನೇ ಬರೆಯಿರಿ ಎಂದರೆ ಹೇಗೆ? ಈ ಸಲ ಕಾಲ್ಚೆಂಡಿನ ವಿಷಯ. ಓದುಗರು ಕ್ಷಮಿಸಬೇಕು. ಅದರಲ್ಲೂ ಆಟದ ವಿಷಯ ಕಡಿಮೆ, ಆಟಗಾರರನ್ನು ಆರಿಸುವ ವಿಷಯ ಹೆಚ್ಚು.

2024 ರ ಜೂನ್ 11, ಮಂಗಳವಾರ ಸಂಜೆ. ದೋಹಾದ ಜಾಸಿಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ ಕತಾರ್ ಮತ್ತು ಭಾರತ. ವಿಶ್ವಕಪ್ಪಿನ ಅರ್ಹತಾ ಪಂದ್ಯ. ಗೆದ್ದರೆ ಭಾರತ ಮೂರನೇ ಸುತ್ತಿಗೆ. ನಾವು, ನಮ್ಮಾಕೆ, ಒಂಬತ್ತು ವರ್ಷದ ಚಿರಂಜೀವಿ, ಮೂವರೂ ಹೋಗಿದ್ದೆವು. ಚಿರಂಜೀವಿ ಹುಟ್ಟಿದ್ದು ದೋಹಾದಲ್ಲೇ. ಅಜ್ಜನ ಮನೆ ಪುತ್ತೂರಿನ ಹತ್ತಿರ. ವರ್ಷಕ್ಕೆ ಒಂದು ತಿಂಗಳು ಅಲ್ಲಿ ಹಲಸಿನ ಹಣ್ಣು ತಿಂದು ಬರುವುದಷ್ಟೇ ಅವನ ಪಾಲಿನ ಭಾರತ.

37ನೇ ನಿಮಿಷದಲ್ಲಿ ಛಾಂಗ್ಟೆ ಗೋಲು ಹೊಡೆದಾಗ ನಾವು ಎದ್ದು ಕುಣಿದದ್ದು ನಿಜ. 73ನೇ ನಿಮಿಷದಲ್ಲಿ ಚೆಂಡು ಗೆರೆ ದಾಟಿ ಹೊರಗೆ ಹೋದದ್ದನ್ನು ಮತ್ತೆ ಒಳಗೆಳೆದು ಯೂಸುಫ್ ಐಮನ್ ಬಲೆಗೆ ತಳ್ಳಿದ್ದು, ರೆಫರಿ ಅದನ್ನು ಗೋಲೆಂದೇ ಸಾರಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಭಾರತ 1-2 ರಲ್ಲಿ ಸೋತಿತು. ಆ ಗೋಲಿನ ಮೇಲೆ ನಮ್ಮವರು ಇನ್ನೂ ಹತ್ತು ವರ್ಷ ಜಗಳವಾಡಬಹುದು, ಆಡಲಿ. ನಮ್ಮ ತಲೆಯಲ್ಲಿ ಉಳಿದದ್ದು ಬೇರೆ. ಪಂದ್ಯಕ್ಕೆ ಮೊದಲು ಚಿರಂಜೀವಿ ಕೇಳಿದ್ದ: "ಅಪ್ಪಾ, ತಹ್ಸೀನ್ ಯಾಕೆ ಆ ಕಡೆ?"

ತಹ್ಸೀನ್ ಮೊಹಮ್ಮದ್ ಜಮ್ಶೀದ್. ಆಗ ಅವನಿಗೆ ಹದಿನೇಳು. ಮನೆತನ ಕಣ್ಣೂರಿನದು. ಮಂಗಳೂರಿನಲ್ಲಿ ರೈಲು ಹತ್ತಿ ಕಾಸರಗೋಡು ದಾಟಿದರೆ ಸಿಗುವ ಊರು. ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹತ್ತಿರ. ಹುಡುಗ ಬೆಳೆದದ್ದು ಇಲ್ಲೇ, ಕಾಲ್ಚೆಂಡು ಕಲಿತದ್ದು ಆಸ್ಪೈರ್ ಅಕಾಡೆಮಿಯಲ್ಲಿ, ಕ್ಲಬ್ಬು ಅಲ್ ದುಹೈಲ್. ಗುಂಪಿನಲ್ಲಿ ಕತಾರಿನ ಸ್ಥಾನ ಮೊದಲೇ ಖಚಿತವಾಗಿತ್ತಾದ್ದರಿಂದ ತರಬೇತುದಾರ ಮಾರ್ಕೆಸ್ ಲೋಪೆಸ್ ಆ ಜೂನ್ ತಿಂಗಳ ಎರಡು ಪಂದ್ಯಗಳಿಗೆ ಎಳೆಯರನ್ನೇ ಹೆಚ್ಚಾಗಿ ಕರೆದರು. ಆ ಪಟ್ಟಿಯಲ್ಲಿ ತಹ್ಸೀನನ ಹೆಸರು ಬಂತು. ಅದು ಬಂದ ದಿನ ನಮ್ಮ ಕಟ್ಟಡದ ಮಲಯಾಳಿ ನೆರೆಯವರು ಪಾಯಸ ಕೊಟ್ಟರು. ನಾವೂ ಸಂತೋಷದಿಂದ ತಿಂದೆವು. ಆದರೆ ಮಗನ ಪ್ರಶ್ನೆಗೆ ಮಾತ್ರ "ಅವನು ಇಲ್ಲಿಯವನು, ಅದಕ್ಕೆ" ಎಂದು ಹೇಳಿ ನಾಲಿಗೆ ಕಚ್ಚಿಕೊಂಡೆವು. ಏಕೆಂದರೆ ಮುಂದಿನ ಪ್ರಶ್ನೆ ಏನೆಂದು ಗೊತ್ತಿತ್ತು. ಬಂದೇ ಬಂತು: "ಹಾಗಾದರೆ ನಾನು?"

ಕತಾರಿನ ತಂಡವೆಂದರೆ ನಮ್ಮ ಭಾರತೀಯರ ಚಹಾಕೂಟಗಳಲ್ಲಿ ಒಂದು ಸಿದ್ಧ ಹಾಸ್ಯವಿದೆ: "ದುಡ್ಡು ಕೊಟ್ಟು ಕೊಂಡ ತಂಡ." ನಾವೂ ನಗುತ್ತಿದ್ದೆವು. ಅದಕ್ಕೆ ಕಾರಣವಿಲ್ಲದೆ ಇಲ್ಲ. 2004 ರಲ್ಲಿ ಐಲ್ಟನ್, ಡೆಡೆ ಮೊದಲಾದ ಬ್ರೆಜಿಲ್ ಆಟಗಾರರಿಗೆ ಕತಾರಿನ ಅಂಗಿ ತೊಡಿಸುವ ಮಾತು ನಡೆದಿತ್ತು. ಅವರಿಗೂ ಈ ನೆಲಕ್ಕೂ ಯಾವ ನಂಟೂ ಇರಲಿಲ್ಲ. ಫೀಫಾ ಆ ವರ್ಷವೇ ಅಡ್ಡಗಾಲು ಹಾಕಿತು: ಹೊಸ ದೇಶಕ್ಕೆ ಆಡಬೇಕಾದರೆ ಆಟಗಾರನೋ, ಅವನ ತಂದೆತಾಯಿಯೋ, ಅಜ್ಜ ಅಜ್ಜಿಯೋ ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅವನು ಅಲ್ಲಿ ಎರಡು ವರ್ಷ ವಾಸವಾಗಿರಬೇಕು. 2008 ರಲ್ಲಿ ಎರಡು ವರ್ಷ ಐದಾಯಿತು. 2020 ರಲ್ಲಿ ಮಕ್ಕಳಿಗೆ ಕೊಂಚ ಸಡಿಲಿಸಿ, ಹತ್ತು ವರ್ಷದೊಳಗೆ ಬಂದವರಿಗೆ ಮೂರು ವರ್ಷ ಸಾಕೆಂದರು.

ಆದರೆ ಅದೇ 2004 ರಲ್ಲಿ ಈ ದೇಶ ಇನ್ನೊಂದು ಕೆಲಸವನ್ನೂ ಮಾಡಿತ್ತು: ಆಸ್ಪೈರ್ ಅಕಾಡೆಮಿ ತೆರೆದಿತ್ತು. ಬಾರ್ಸಿಲೋನಾ ಕ್ಲಬ್ಬಿನ ಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದ ಫೆಲಿಕ್ಸ್ ಸ್ಯಾಂಚೆಸ್ 2006 ರಲ್ಲಿ ಅಲ್ಲಿಗೆ ಬಂದರು. ಹುಡುಗರ ಜೊತೆಗೆ ಅವರೂ ಮೇಲೇರಿದರು. 2014 ರಲ್ಲಿ ಮ್ಯಾನ್ಮಾರಿನಲ್ಲಿ ಹತ್ತೊಂಬತ್ತರ ಒಳಗಿನವರ ಏಷ್ಯನ್ ಕಪ್ಪು ಗೆದ್ದ ತಂಡವೇ ಐದು ವರ್ಷದ ನಂತರ ದೊಡ್ಡವರ ತಂಡಕ್ಕೆ ಬೆನ್ನೆಲುಬಾಯಿತು. 2019 ರ ಫೆಬ್ರವರಿ 1 ರಂದು ಅಬುಧಾಬಿಯಲ್ಲಿ ಜಪಾನನ್ನು 3-1 ರಿಂದ ಸೋಲಿಸಿ ಏಷ್ಯನ್ ಕಪ್ಪು ತಂದಿತು. ಅಲ್ಮೋಯಿಜ್ ಅಲಿ ಆ ಒಂದೇ ಕೂಟದಲ್ಲಿ ಒಂಬತ್ತು ಗೋಲು ಹೊಡೆದ. ಅವನು ಸುಡಾನಿನಲ್ಲಿ ಹುಟ್ಟಿದವನು, ಬಸ್ಸಾಮ್ ಅಲ್ ರಾವಿ ಇರಾಕಿನಲ್ಲಿ ಹುಟ್ಟಿದವನು, ಇಬ್ಬರೂ ಅನರ್ಹರು ಎಂದು ಎಮಿರೇಟ್ಸಿನವರು ದೂರು ಕೊಟ್ಟರು. ಏಷ್ಯದ ಒಕ್ಕೂಟ ಅದನ್ನು ತಳ್ಳಿಹಾಕಿತು.

ರಸಾಯನಶಾಸ್ತ್ರ ಬೇಡವೆಂದವರು ಈಗ ಒಂದು ಮಾತಿಗೆ ಅದನ್ನು ಎಳೆದು ತರುತ್ತಿದ್ದೇವೆ. ಹರಳನ್ನು ಯಾರೂ ಕೈಯಿಂದ ಕಟ್ಟಲಾರರು. ಪರ್ಯಾಪ್ತ ದ್ರಾವಣದಲ್ಲಿ ಒಂದು ಬೀಜಹರಳನ್ನು ಇಳಿಬಿಟ್ಟು, ಅಲ್ಲಾಡಿಸದೆ ಕಾಯಬೇಕು. 2004 ರ ಮೊದಲ ಯತ್ನ ಅಂಗಡಿಯಿಂದ ಹರಳು ಕೊಳ್ಳುವಂಥದು, ಎರಡನೆಯದು ಬೆಳೆಸುವಂಥದು. ಎರಡನ್ನೂ ಒಂದೇ ನಗೆಯಲ್ಲಿ ಸೇರಿಸಿ ನಾವು ತಪ್ಪು ಮಾಡಿದೆವೆಂದು ಈಗ ಅನಿಸುತ್ತದೆ. ಹಾಗೆಂದು ಬೆಳೆಸಿದ್ದೆಲ್ಲ ಗಟ್ಟಿಯೇ? 2022 ರ ವಿಶ್ವಕಪ್ಪಿಗೆ ಸ್ಯಾಂಚೆಸ್ ಆರಿಸಿದ ಇಪ್ಪತ್ತಾರು ಮಂದಿಯೂ ಇಲ್ಲಿನ ಕ್ಲಬ್ಬಿನವರೇ. ಲೀಗ್ ಪಂದ್ಯಗಳನ್ನೂ ಬಿಡಿಸಿ ತಿಂಗಳುಗಟ್ಟಲೆ ಶಿಬಿರದಲ್ಲಿಟ್ಟರು. ಈಕ್ವೆಡಾರ್, ಸೆನೆಗಲ್, ನೆದರ್‌ಲ್ಯಾಂಡ್ಸ್, ಮೂವರ ಮುಂದೆಯೂ ಸೋತರು. ಮುಚ್ಚಿದ ಪಾತ್ರೆಯಲ್ಲಿ ಬೆಳೆದ ಹರಳು ಸುತ್ತಿಗೆಯ ಪೆಟ್ಟನ್ನು ಕಂಡಿರಲಿಲ್ಲ. ಆದರೂ ಅದೇ ಬಳಗದ ಅಕ್ರಮ್ ಅಫೀಫ್ 2024 ರ ಫೆಬ್ರವರಿ 10 ರಂದು ಜೋರ್ಡಾನಿನ ಮೇಲೆ ಮೂರು ಪೆನಾಲ್ಟಿ ಹೊಡೆದು ಏಷ್ಯನ್ ಕಪ್ಪನ್ನು ಮತ್ತೆ ಉಳಿಸಿಕೊಟ್ಟ.

ಹೊರಗಿನವರನ್ನು ಆರಿಸುವುದು ಏಕೆ ಎಂದು ಕೇಳುವವರು ಮೊದಲು ಲೆಕ್ಕ ನೋಡಬೇಕು. ಇಲ್ಲಿನ ನಾಗರಿಕರ ಸಂಖ್ಯೆ ನಮ್ಮ ಕೊಡಗು ಜಿಲ್ಲೆಯ ಜನಸಂಖ್ಯೆಗಿಂತ ಕಡಿಮೆ. ಕೊಡಗಿನಲ್ಲಿ 2011 ರ ಜನಗಣತಿಯಂತೆ ಸುಮಾರು ಐದೂವರೆ ಲಕ್ಷ. (ಆದರೆ ಅದೇ ಕೊಡಗು ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯರಂಥವರನ್ನು ದೇಶದ ಹಾಕಿಗೆ ಕೊಟ್ಟಿತಲ್ಲ ಎಂದು ನಮ್ಮಾಕೆ ಕೇಳುತ್ತಾಳೆ. ಅವಳ ತವರು ವಿರಾಜಪೇಟೆ. ಅವಳೊಡನೆ ನಾವು ವಾದ ಮಾಡುವುದಿಲ್ಲ.) 1981 ರಲ್ಲಿ ಇವರ ತರುಣರ ತಂಡ ಆಸ್ಟ್ರೇಲಿಯದಲ್ಲಿ ಬ್ರೆಜಿಲನ್ನೂ ಇಂಗ್ಲೆಂಡನ್ನೂ ಸೋಲಿಸಿ ವಿಶ್ವ ಯುವ ಕೂಟದ ಅಂತಿಮ ಪಂದ್ಯಕ್ಕೆ ಹೋಗಿತ್ತೆಂಬುದು ಎಷ್ಟು ಜನರಿಗೆ ನೆನಪಿದೆ?

ನಮ್ಮ ಮನೆಯ ಅಂಗಳಕ್ಕೂ ಬರೋಣ. 1948 ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಅಹಮದ್ ಖಾನ್ ಬೆಂಗಳೂರಿನವರು. ಅಂದಿನ ದೇಶದ ಪಟ್ಟಿಯಲ್ಲಿ ಬೆಂಗಳೂರಿನ ದಂಡು ಪ್ರದೇಶದ ಹುಡುಗರು ಧಾರಾಳವಾಗಿದ್ದರು. ಅವರಲ್ಲಿ ಅನೇಕರ ಮನೆಮಾತು ತಮಿಳೋ ಉರ್ದುವೋ. ಆಗ ಅವರನ್ನು ನಮ್ಮವರಲ್ಲವೆಂದು ಯಾರಾದರೂ ಅಂದಿದ್ದರೆ ಪಟ್ಟಿಯೇ ಬರಿದಾಗುತ್ತಿತ್ತು. ಇನ್ನೂ ಹತ್ತಿರದ ಸಂಗತಿ: 2023 ರ ಮಾರ್ಚ್ 4 ರಂದು ಇಲ್ಲೇ ನೆರೆಯ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2 ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಐವತ್ತನಾಲ್ಕು ವರ್ಷದ ನಂತರ. ಗೋಲು ಹೊಡೆದವರು ಸುನಿಲ್ ಕುಮಾರ್, ಬೆಕೆ ಓರಮ್, ರಾಬಿನ್ ಯಾದವ್. ಆ ರಾತ್ರಿ ಗೆಳೆಯರ ಮನೆಯಲ್ಲಿ ಬಿಸಿಬೇಳೆ ಭಾತು ತಿನ್ನುತ್ತ ಈ ಓರಮ್ ಎಂಬಾತ ಯಾವ ಊರಿನವನು ಎಂದು ನಾವೊಬ್ಬರೂ ಕೇಳಲಿಲ್ಲ. ಕರ್ನಾಟಕ ಗೆದ್ದಿತು, ಅಷ್ಟೆ. ಮಾರನೆಯ ದಿನ ಕಚೇರಿಯಲ್ಲಿ ಕತಾರಿನ ತಂಡದ ಬಗ್ಗೆ ಹಾಸ್ಯ ಮುಂದುವರಿಸಿದೆವು!

ಭಾರತದ ಬಾಗಿಲೂ ನೋಡಬೇಕಾದ್ದೇ. ಭಾರತದ ಪಾಸ್‌ಪೋರ್ಟ್ ಇಲ್ಲದವರು ದೇಶಕ್ಕೆ ಆಡುವಂತಿಲ್ಲ. ಎರಡು ಪೌರತ್ವವನ್ನೂ ನಮ್ಮ ದೇಶ ಒಪ್ಪುವುದಿಲ್ಲ. ಜಪಾನಿನಲ್ಲಿ ಹುಟ್ಟಿದ ಅರಾತ ಇಜುಮಿ ಆ ದೇಶದ ಪೌರತ್ವ ಬಿಟ್ಟ ಮೇಲೆಯೇ 2013 ರಲ್ಲಿ ಭಾರತದ ಅಂಗಿ ತೊಟ್ಟದ್ದು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025 ರಲ್ಲಿ ಆಸ್ಟ್ರೇಲಿಯದ ಪೌರತ್ವ ಬಿಟ್ಟು ಭಾರತೀಯರಾದರು. ಲಂಡನ್ನಿನ, ಅಮೆರಿಕದ ನಮ್ಮವರ ಮಕ್ಕಳಿಗೆ ಇದು ದೊಡ್ಡ ಗೋಡೆ. ಕೊಲ್ಲಿಯ ಮಕ್ಕಳ ವಿಚಿತ್ರ ಬೇರೆ. ಸಾಮಾನ್ಯವಾಗಿ ಇವರ ಕೈಯಲ್ಲಿ ಇರುವುದೇ ಭಾರತದ ಪಾಸ್‌ಪೋರ್ಟ್. ಭಾರತಕ್ಕೆ ಆಡಲು ಕಾಗದದ ಅಡ್ಡಿ ಒಂದೂ ಇಲ್ಲ. ಆದರೆ ಶುಕ್ರವಾರ ಬೆಳಿಗ್ಗೆ ಇಲ್ಲಿನ ಮೈದಾನಗಳಲ್ಲಿ ಚೆಂಡಿನ ಹಿಂದೆ ಓಡುವ ನೂರಾರು ಭಾರತೀಯ ಮಕ್ಕಳನ್ನು ನೋಡಲು ಊರಿನಿಂದ ಬಂದ ಆಯ್ಕೆಗಾರರೊಬ್ಬರನ್ನೂ ನಾವು ಈವರೆಗೆ ಕಂಡಿಲ್ಲ.

ಇತ್ತ ಕತಾರಿನ ಬಾಗಿಲಲ್ಲಿ ಅಡ್ಡಿ ತಿರುಗುಮುರುಗು. ಫೀಫಾದ ನಿಯಮ ನಮ್ಮ ಚಿರಂಜೀವಿಯನ್ನು ತಡೆಯದು, ಅವನು ಹುಟ್ಟಿದ್ದೇ ಇಲ್ಲಿ. ತಡೆಯುವುದು ಪೌರತ್ವ. 2005 ರ ಕಾನೂನಿನಂತೆ ಇಪ್ಪತ್ತೈದು ವರ್ಷದ ವಾಸ, ಅರಬ್ಬೀ ಭಾಷೆಯ ತಿಳುವಳಿಕೆ, ಸನ್ನಡತೆ, ಇಷ್ಟಾದರೂ ಹಕ್ಕೆಂಬುದಿಲ್ಲ, ಕೊಟ್ಟರೆ ಉಂಟು. ಹುಟ್ಟಿದ ಮಾತ್ರಕ್ಕೆ ಏನೂ ಬಾರದು. ನಮ್ಮ ಕೆಲಸದ ಕರಾರು ಮುಗಿದ ದಿನ ಅವನ ಗೋಲಿನ ಕಂಬ, ಗೆಳೆಯರು, ಶಾಲೆ ಎಲ್ಲವೂ ಮುಗಿದಂತೆ. ಒಬ್ಬ ತಹ್ಸೀನನಿಗೆ ಬಾಗಿಲು ತೆರೆದದ್ದು ಪಟ್ಟಿ ಪ್ರಕಟವಾದ ದಿನವಲ್ಲ. ಅಕಾಡೆಮಿಯಲ್ಲಿ ಯಾರೋ ಒಬ್ಬ ತರಬೇತುದಾರ ಒಬ್ಬ ಚಿಕ್ಕ ಹುಡುಗನ ಕಾಲನ್ನು ನೋಡಿ ನಿಂತ ದಿನ ತೆರೆದಿರಬೇಕು.

2025 ರ ಅಕ್ಟೋಬರ್ 14 ರಂದು ಕತಾರ್ ಎಮಿರೇಟ್ಸನ್ನು 2-1 ರಿಂದ ಸೋಲಿಸಿ 2026 ರ ವಿಶ್ವಕಪ್ಪಿಗೆ ಅರ್ಹವಾಯಿತು. ಮೊದಲ ಗೋಲು ಬುಅಲೆಂ ಖೂಖಿಯದು, ಹುಟ್ಟಿದ್ದು ಅಲ್ಜೀರಿಯದಲ್ಲಿ. ಎರಡನೆಯದು ಪೆದ್ರೋ ಮಿಗೆಲ್‌ನದು, ಹುಟ್ಟಿದ್ದು ಪೋರ್ಚುಗಲ್ಲಿನಲ್ಲಿ. ರಸ್ತೆಯಲ್ಲಿ ಕಾರುಗಳು ಹಾರ್ನ್ ಬಾರಿಸುತ್ತ ಹೋದಾಗ ನಮ್ಮ ಮಗನೂ ಬಾಲ್ಕನಿಯಲ್ಲಿ ಕತಾರಿನ ಬಾವುಟ ಬೀಸುತ್ತಿದ್ದ. ಭಾರತದ ಅಂಗಿ ತೊಟ್ಟುಕೊಂಡೇ! ನಾವು ಬೇಡವೆನ್ನಲಿಲ್ಲ.

ಹೋದ ಚಳಿಗಾಲ ಅವನನ್ನು ಒಂದು ಮಕ್ಕಳ ಕ್ಲಬ್ಬಿನ ಆಯ್ಕೆಗೆ ಕರೆದುಕೊಂಡು ಹೋದೆವು. ಅರ್ಜಿಯಲ್ಲಿ ಹುಟ್ಟಿದ ಊರು, ರಾಷ್ಟ್ರೀಯತೆ ಎಂದು ಅಕ್ಕಪಕ್ಕ ಎರಡು ಅಂಕಣ. ದೋಹಾ, ಭಾರತ ಎಂದು ತುಂಬಿ, ಒಂದು ಪುಟ ವಿವರಣೆ ಕೊಡಲು ಸಿದ್ಧರಾಗಿ ನಿಂತೆವು. ತರಬೇತುದಾರರು ಟ್ಯುನೀಷಿಯದವರು. ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಹುಡುಗನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ನಮ್ಮನ್ನು ಕೇಳಿದ್ದು ಒಂದೇ ಮಾತು: "ಎಡಗಾಲಿನವನೋ, ಬಲಗಾಲಿನವನೋ?"

ಎಡಗಾಲಿನವನು.