ಶಿರಸಿ ಕಡೆಯ ಹಳ್ಳಿಮನೆ ಯಾಕೆ ಅಷ್ಟು ಶಾಂತ?

ಪುಣೆ, ಹೈದರಾಬಾದ್ ಕಡೆಯಿಂದ ತುಂಬಾ ಜನ ಕೇಳೋದು ಒಂದೇ ಪ್ರಶ್ನೆ: ಮೂರು ದಿನ ರಜೆ ಇದೆ, ಮಕ್ಕಳ ಜೊತೆ ಶಾಂತವಾಗಿರೋಕೆ ಹಳ್ಳಿ ಹೋಂಸ್ಟೇ ಯಾವುದು? ನಾನು ಯಾವ ಹೆಸರನ್ನೂ ಹೇಳಲ್ಲ. ಶಿರಸಿ, ಸಿದ್ದಾಪುರದ ಕಡೆ ನಾಲ್ಕೈದು ಮನೆಗಳಲ್ಲಿ ಉಳಿದಿದ್ದೀನಿ. ಅಲ್ಲಿನ ಶಾಂತಿ ಎಲ್ಲಿಂದ ಬರುತ್ತೆ ಅಂತ ಗೊತ್ತಾದರೆ, ಯಾವಾಗ ಹೋಗಬೇಕು ಅನ್ನೋದು ನಿಮಗೇ ಹೊಳೆಯುತ್ತೆ.

ಬಯಲುಸೀಮೆಯ ಹಳ್ಳಿ ಅಂದ್ರೆ ಗೋಡೆಗೆ ಗೋಡೆ ತಾಗಿದ ಮನೆಗಳು. ಮಲೆನಾಡಲ್ಲಿ ಹಾಗಲ್ಲ. ಅಡಿಕೆಗೆ ನೀರು, ನೆರಳು, ತಂಪು ಮೂರೂ ಬೇಕು. ಅವು ಒಟ್ಟಿಗೆ ಸಿಗೋದು ಗುಡ್ಡಗಳ ನಡುವಿನ ಕಣಿವೆಯಲ್ಲಿ. ಹಾಗಾಗಿ ತೋಟ ಎಲ್ಲೋ, ಮನೆ ಅಲ್ಲೇ. ತೋಟದ ಗೊಬ್ಬರಕ್ಕೆ ಸೊಪ್ಪು ಬೇಕಲ್ಲ, ಅದಕ್ಕೆ ಬ್ರಿಟಿಷರ ಕಾಲದಿಂದ ಬಂದ ಸೊಪ್ಪಿನ ಬೆಟ್ಟದ ವ್ಯವಸ್ಥೆ ಇದೆ. ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಜಾಗ ಸರ್ಕಾರದ್ದು, ಸೊಪ್ಪು ತರೋ ಹಕ್ಕು ರೈತನದ್ದು. ಲೆಕ್ಕ ಹಾಕಿ, ಎರಡು ಎಕರೆ ತೋಟದ ಮನೆಯ ಪಾಲಿಗೆ 18 ಎಕರೆವರೆಗೆ ಕಾಡು. ಪಕ್ಕದ ಮನೆ ಮಿಕ್ಸರ್ ಸದ್ದು ಕೇಳಿಸದೇ ಇರೋದಕ್ಕೆ ಇದೇ ಕಾರಣ.

ಸುಮಾರು ನವೆಂಬರ್‌ನಿಂದ ಫೆಬ್ರವರಿ ತನಕ ಕೊಯ್ಲು. ಆಗ ಶಾಂತಿ ಕಮ್ಮಿ, ಆದರೆ ನನ್ನ ಪ್ರಕಾರ ಅದೇ ಒಳ್ಳೆ ಸಮಯ. ರಾತ್ರಿ ಮೆಟ್ಟುಗತ್ತಿ ಮೇಲೆ ಅಡಿಕೆ ಸುಲಿತಾ ಊರ ಸುದ್ದಿಯೆಲ್ಲ ಅಲ್ಲೇ ಬಿಚ್ಚಿಕೊಳ್ಳುತ್ತೆ, ಆಮೇಲೆ ಹಂಡೆಯಲ್ಲಿ ಬೇಯಿಸೋದು, ಅಂಗಳದಲ್ಲಿ ಒಣಗಿಸೋದು. ಮಕ್ಕಳು ಮೊಬೈಲ್ ಮರೀತಾರೆ. ಕತ್ತಿ ಹತ್ತಿರ ಮಾತ್ರ ಬಿಡಬೇಡಿ. ಮಳೆಗಾಲದಲ್ಲಿ ಉಂಬಳ ಇರುತ್ತೆ, ಕರೆಂಟ್ ಇರಲ್ಲ. ಕೊಳೆರೋಗ ಬರದ ಹಾಗೆ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೀಬೇಕು. ಮಳೆ ಬಿಡುವು ಕೊಟ್ಟು ಕೊನೆಗೌಡ ಸಿಕ್ಕ ದಿನ ಮನೆಯವರು ನಿಮ್ಮನ್ನ ಮಾತಾಡಿಸದಿದ್ದರೆ ಬೇಜಾರಾಗಬೇಡಿ.

ಒಂದು ವಿಷಯ ಗಂಭೀರವಾಗಿ ತಗೊಳ್ಳಿ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಅದು ಉಣುಗು ಕಚ್ಚಿ ಬರುತ್ತೆ, ಜಾಸ್ತಿ ಕಾಣಿಸೋದು ಡಿಸೆಂಬರ್‌ನಿಂದ ಮೇ ತನಕ. ಆ ತಿಂಗಳುಗಳಲ್ಲಿ ಮನೆಯವರನ್ನ ಕೇಳದೆ ಬೆಟ್ಟ ಹತ್ತಬೇಡಿ. ಸತ್ತ ಮಂಗ ಕಂಡರೆ ದೂರದಿಂದಲೇ ತಿಳಿಸಿ.

ಶಾಂತಿಗೆ ಇನ್ನೊಂದು ಕಾರಣವೂ ಇದೆ, ಅದು ನಾವೇ. ಒಂದು ಮನೆಯಲ್ಲಿ ನನಗೆ ಕೊಟ್ಟ ರೂಮಿನ ಕಪಾಟಲ್ಲಿ ಸಿಇಟಿ ಗೈಡು, ಡೇಟಾ ಸ್ಟ್ರಕ್ಚರ್ಸ್ ಪುಸ್ತಕ. ಮಗ ಬೆಂಗಳೂರಲ್ಲಿದ್ದಾನಂತೆ. "ಮುಚ್ಚಿಟ್ರೆ ರೂಮಿಗೆ ಬೂಷ್ಟು ಹಿಡಿಯುತ್ತೆ, ಯಾರಾದ್ರೂ ಇರ್ಲಿ ಅಂತ ಶುರು ಮಾಡಿದ್ವಿ" ಅಂದ್ರು ಅಮ್ಮ. ನಾವು ಕೊಡೋ ದುಡ್ಡು ಕೊನೆಗೌಡನ ಕೂಲಿಗೆ ಹೋಗುತ್ತೆ ಅಂತಲೂ ನಗುತ್ತಾ ಹೇಳಿದ್ರು. ವಯಸ್ಸಾದ ಇಬ್ಬರೇ ಇರೋ ಮನೆಗೆ ಎಂಟು ಜನ ಹೋಗಿ ರಾತ್ರಿ ಹನ್ನೊಂದಕ್ಕೆ ಊಟ ಕೇಳೋದು ಸರಿಯಾ, ನೀವೇ ಹೇಳಿ. ಬುಕ್ ಮಾಡೋವಾಗ ಅಡುಗೆ ಯಾರು ಮಾಡ್ತಾರೆ, ಊಟ ಎಷ್ಟು ಹೊತ್ತಿಗೆ ಅಂತ ಕೇಳಿಬಿಡಿ.

ಪುಣೆಯಿಂದ ಹುಬ್ಬಳ್ಳಿ ಸುಮಾರು 430 ಕಿ.ಮೀ., ಅಲ್ಲಿಂದ ಶಿರಸಿ 100ರ ಆಸುಪಾಸು. ಶಿರಸಿ ದಾಟಿದ ಮೇಲೆ ಮ್ಯಾಪ್ ನಂಬಬೇಡಿ. ನೆಟ್‌ವರ್ಕ್ ಇರುವಾಗಲೇ ಫೋನ್ ಮಾಡಿ ದಾರಿ ಬರ್ಕೊಳ್ಳಿ.