ಸಮುದ್ರದ ಎಣ್ಣೆಬಾವಿಗಳೂ ಹೆಲಿಕಾಪ್ಟರುಗಳೂ

ದಡವು ಕಣ್ಣಿಗೆ ಕಾಣದಷ್ಟು ದೂರದ ಕಡಲಿನಲ್ಲಿ ಮೊದಲನೆಯ ಎಣ್ಣೆಬಾವಿಯನ್ನು ತೋಡಿದ್ದು 1947ನೆಯ ಇಸವಿಯಲ್ಲಿ, ಅಮೆರಿಕಾ ದೇಶದ ಲೂಯಿಸಿಯಾನಾ ಪ್ರಾಂತದ ಎದುರಿಗೆ. ಅಲೆಗಳ ಮೇಲೆ ಕುಣಿಯುವ ದೋಣಿಯಿಂದ ಎತ್ತರದ ಅಟ್ಟಣೆಗೆ ಏರುವುದು ಸುಲಭವಾದ ಕಾರ್ಯವಲ್ಲ. 1949ರಲ್ಲಿ ಅದೇ ಪ್ರಾಂತದಲ್ಲಿ ಪೆಟ್ರೋಲಿಯಂ ಹೆಲಿಕಾಪ್ಟರ್ಸ್ ಎಂಬ ಸಂಸ್ಥೆಯು ಮೂರು ಚಿಕ್ಕ ಬೆಲ್ ಯಂತ್ರಗಳೊಡನೆ ಹುಟ್ಟಿತು. ಇವು ಮೊದಲು ಜೌಗುನೆಲದಲ್ಲಿ ಭೂಶೋಧಕರನ್ನು ಹೊತ್ತು, ಬಳಿಕ ಸಮುದ್ರಕ್ಕೂ ಹಾರಿದುವು. ನೆಟ್ಟಗೆ ಏರಿಳಿಯುವ ಈ ವಾಹನಕ್ಕೆ ಒಂದು ಸಣ್ಣ ಅಂಗಳವೇ ಸಾಕಷ್ಟೆ!

ಆದರೆ ಇದರ ಭಾರವೆಲ್ಲವೂ ಒಂದು ಹಲ್ಲುಚಕ್ರವನ್ನು ನಂಬಿರುವುದುಂಟು. 1986ರ ನವೆಂಬರ್ 6ರಂದು ಉತ್ತರ ಸಮುದ್ರದ ಬಾವಿಗಳಿಂದ ಶೆಟ್ಲೆಂಡ್ ದ್ವೀಪಕ್ಕೆ ಮರಳುತ್ತಿದ್ದ ಚಿನೂಕ್ ಯಂತ್ರದಲ್ಲಿ ಅಂಥ ಚಕ್ರವು ಬಿರಿಯಲು, ಅದರ ಎರಡು ತಿರುಗುರೆಕ್ಕೆಗಳು ಒಂದಕ್ಕೊಂದು ತಗಲಿ 45 ಮಂದಿ ಮಡಿದರು, ಉಳಿದವರು ಇಬ್ಬರೇ. ತರುವಾಯ ಯಂತ್ರದ ಅದುರುವಿಕೆಯನ್ನು ಅಳೆದು ದೋಷವನ್ನು ಮುಂಚಿತವಾಗಿ ತಿಳಿಸುವ ಉಪಕರಣಗಳು ಬಂದುವು. ಅವೂ ಸಾಲವು: 2016ರಲ್ಲಿ ನಾರ್ವೆ ದೇಶದಲ್ಲಿ ಹಲ್ಲುಚಕ್ರವೇ ಬಿರಿದು 13 ಮಂದಿ ತೀರಿಕೊಂಡರು.

ನಮ್ಮ ದೇಶದಲ್ಲಿ ಮುಂಬಯಿಯ ಪಶ್ಚಿಮದ ಸಮುದ್ರದಲ್ಲಿ 1974ರಲ್ಲಿ ಎಣ್ಣೆಯು ದೊರೆಯಿತು. ಮುಖ್ಯವಾಗಿ ಅಲ್ಲಿಯ ಸೇವೆಗಾಗಿ ಸರಕಾರವು 1985ರಲ್ಲಿ ಪವನಹಂಸ ಸಂಸ್ಥೆಯನ್ನು ಸ್ಥಾಪಿಸಿತು.

ಇಂಜಿನುಗಳು ಮೇಲ್ಗಡೆಯಲ್ಲಿರುವುದರಿಂದ ಹೆಲಿಕಾಪ್ಟರು ನೀರಿಗೆ ಬಿದ್ದರೆ ಬೇಗನೆ ತಲೆಕೆಳಗಾಗುವುದು. ಆದಕಾರಣ ಪ್ರಯಾಣಿಕರನ್ನು ನಕಲು ಕೋಣೆಯೊಂದರಲ್ಲಿ ಕುಳ್ಳಿರಿಸಿ, ಕೊಳದಲ್ಲಿ ಮುಳುಗಿಸಿ, ಮಗುಚುತ್ತಾರೆ. ಅವರು ಒಂದು ಕೈಯಿಂದ ಕಿಟಕಿಯ ಅಂಚನ್ನು ಬಿಡದೆ ಹಿಡಿದು, ಪಟ್ಟಿಯನ್ನು ಬಿಚ್ಚಿ ಹೊರಬೀಳಬೇಕು. ಈಗ ಇಂಜಿನಿಯರುಗಳಾಗಿ ಅಲ್ಲಿಗೆ ಹೋಗುವ ಸ್ತ್ರೀಯರಿಗೂ ಇದೇ ಪಾಠ.