ಹೊಸ ಮಾದರಿಗೆ ಹಳೆಯ ತುಕ್ಕು

ಜಾತ್ರೆಯಲ್ಲಿ ಮಾರುವ ಆಟಿಕೆ ಕಾರನ್ನು ನೀವೆಲ್ಲರೂ ನೋಡಿದ್ದೀರಿ. ಅದಕ್ಕೆ ನಾಲ್ಕು ಚಕ್ರಗಳಿರುತ್ತವೆ, ಮಿರಮಿರ ಹೊಳೆಯುವ ಬಣ್ಣವಿರುತ್ತದೆ, ತಳ್ಳಿದರೆ ಓಡುತ್ತದೆ. ಆದರೆ ಅದರ ಫೋಟೋ ತೆಗೆದು ಯಾರಿಗಾದರೂ ತೋರಿಸಿದರೆ ಒಂದೇ ನೋಟಕ್ಕೆ ‘ಇದು ಆಟಿಕೆ’ ಎಂದುಬಿಡುತ್ತಾರೆ. ಅದು ಅವರಿಗೆ ಹೇಗೆ ಗೊತ್ತಾಗುತ್ತದೆ?

ಮೊದಲನೆಯ ಕಾರಣ ಅಳತೆ. ಆಟಿಕೆಯ ಚಕ್ರ, ಕಿಟಕಿ, ಬಾಗಿಲುಗಳು ನಿಜವಾದ ಕಾರಿನ ಅಳತೆಗೆ ಹೊಂದುವುದಿಲ್ಲ. ಎರಡನೆಯ ಕಾರಣ ವಯಸ್ಸು. ಆಟಿಕೆ ಕಾರು ಬಿಸಿಲಿನಲ್ಲಿ ಒಣಗಿಲ್ಲ, ಮಳೆಯಲ್ಲಿ ನೆನೆದಿಲ್ಲ, ಕೆಸರಿನಲ್ಲಿ ಓಡಿಲ್ಲ.

ಈ ಎರಡನ್ನೂ ಸರಿಪಡಿಸಿ, ನಿಜವಾದ ಕಾರೇ ಕುಗ್ಗಿ ನಿಂತಂತೆ ಮಾದರಿ ಮಾಡುವವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ. ಇಟಲಿಯ ಟ್ಯೂರಿನ್ ನಗರದಲ್ಲಿ ಆರಂಭವಾದ ಪೋಚರ್ ಎಂಬ ಕಂಪನಿಯ ದೊಡ್ಡ ಮಾದರಿಗಳು ಇವರಲ್ಲಿ ಹೆಸರುವಾಸಿ. ಅವು ನಿಜವಾದ ಕಾರಿನ ಎಂಟನೇ ಒಂದು ಪಾಲು ಉದ್ದ ಇರುತ್ತವೆ. ಬಾಗಿಲು ತೆರೆಯುತ್ತದೆ, ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಚಕ್ರಗಳೂ ತಿರುಗುತ್ತವೆ. ಅಂಥ ಕೆಲವು ಮಾದರಿಗಳಲ್ಲಿ ಜೋಡಿಸಬೇಕಾದ ಬಿಡಿಭಾಗಗಳು ಎರಡು ಸಾವಿರದಷ್ಟು!

ಮಾದರಿಗೆ ಹಳೆತನ ತರುವ ಕೆಲಸಕ್ಕೆ ಅವರು ‘ವೆದರಿಂಗ್’ ಎನ್ನುತ್ತಾರೆ. ಬಿಸಿಲು, ಮಳೆ, ಗಾಳಿಗೆ ಬಂಡೆಗಳು ಸವೆದು ಪುಡಿಯಾಗುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ಸಮಾಜ ವಿಜ್ಞಾನದಲ್ಲಿ ನೀವು ಓದುವ ‘ಶಿಥಿಲೀಕರಣ’ ಅದೇ. ಬಂಡೆಗೂ ಕಾರಿಗೂ ವಯಸ್ಸು ತರುವುದು ಹವಾಮಾನವೇ ಅಲ್ಲವೇ? ಬನ್ನಿ, ಕಡಿಮೆ ಖರ್ಚಿನಲ್ಲಿ, ರಟ್ಟಿನಿಂದ ಅಂಥದೊಂದು ಕಾರನ್ನು ಮಾಡೋಣ.

ಯಾವ ಕಾರು?

ನಾವು ಅಂಬಾಸಿಡರ್ ಕಾರನ್ನು ಆರಿಸಿಕೊಳ್ಳೋಣ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸ ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಇದನ್ನು 1950ರ ದಶಕದ ಕೊನೆಯಲ್ಲಿ ತಯಾರಿಸತೊಡಗಿತು. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಇದರ ತಯಾರಿಕೆ ನಿಂತದ್ದು 2014ರಲ್ಲಿ. ಹಲವು ದಶಕಗಳ ಕಾಲ ಮಂತ್ರಿಗಳು, ಅಧಿಕಾರಿಗಳು ಓಡಾಡಿದ್ದು ಬಿಳಿಯ ಅಂಬಾಸಿಡರ್‌ನಲ್ಲೇ. ನೀವು ನೋಡಿರದಿದ್ದರೆ ಮನೆಯ ಹಿರಿಯರನ್ನು ಕೇಳಿ. ಇದರ ಒಡಲು ಉಕ್ಕಿನ ತಗಡು. ಹಾಗಾಗಿ ತುಕ್ಕಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಾರು ಸಿಗುವುದು ಕಷ್ಟ.

ಅಳತೆಯಿಂದ ಆರಂಭ

ನಮ್ಮ ಪ್ರಮಾಣ 1:8. ಅಂದರೆ ನಿಜವಾದ ಕಾರಿನ 8 ಸೆಂಟಿಮೀಟರು ಮಾದರಿಯಲ್ಲಿ 1 ಸೆಂಟಿಮೀಟರು. ಭೂಪಟದ ಪ್ರಮಾಣವೂ ಇಂಥದೇ ಲೆಕ್ಕ. ಸುಮಾರು ಅಳತೆಗಳು ಹೀಗಿವೆ:

ಉದ್ದ: 432 ಸೆಂ.ಮೀ. – ಮಾದರಿಯಲ್ಲಿ 54 ಸೆಂ.ಮೀ.
ಅಗಲ: 166 ಸೆಂ.ಮೀ. – ಮಾದರಿಯಲ್ಲಿ 21 ಸೆಂ.ಮೀ.
ಎತ್ತರ: 160 ಸೆಂ.ಮೀ. – ಮಾದರಿಯಲ್ಲಿ 20 ಸೆಂ.ಮೀ.
ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರ: 246 ಸೆಂ.ಮೀ. – ಮಾದರಿಯಲ್ಲಿ 31 ಸೆಂ.ಮೀ.

ಉಳಿದ ಅಳತೆಗಳನ್ನು ಫೋಟೋದಿಂದ ಪಡೆಯಬಹುದು. ಕಾರಿನ ಪಕ್ಕದಿಂದ, ಸ್ವಲ್ಪ ದೂರ ನಿಂತು ತೆಗೆದ ಚಿತ್ರ ಬೇಕು. ಹತ್ತಿರದಿಂದ ತೆಗೆದರೆ ಕ್ಯಾಮರಾಕ್ಕೆ ಸಮೀಪದ ಭಾಗ ದೊಡ್ಡದಾಗಿ ಕಾಣುತ್ತದೆ. ಚಿತ್ರದಲ್ಲಿ ಕಾರು 12 ಸೆಂ.ಮೀ. ಇದ್ದರೆ, 54ನ್ನು 12ರಿಂದ ಭಾಗಿಸಿ. 4.5 ಬಂತು. ಚಿತ್ರದ ಮೇಲೆ 1 ಸೆಂ.ಮೀ. ಚೌಕಗಳನ್ನೂ, ರಟ್ಟಿನ ಮೇಲೆ 4.5 ಸೆಂ.ಮೀ. ಚೌಕಗಳನ್ನೂ ಎಳೆದು, ಒಂದೊಂದೇ ಚೌಕದ ಗೆರೆಯನ್ನು ನಕಲು ಮಾಡಿ.

ಎರಡು ಪಕ್ಕಗಳನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ, ನಡುವೆ ಅಡ್ಡಪಟ್ಟಿಗಳನ್ನು ಕೊಟ್ಟು ನಿಲ್ಲಿಸಿ. ಗುಂಡಗಿರುವ ಬಾನೆಟ್ಟು ಮತ್ತು ಚಾವಣಿಗೆ ಹಳೆಯ ಲಗ್ನಪತ್ರಿಕೆಗಳ ಪಟ್ಟಿಗಳನ್ನು ಬಗ್ಗಿಸಿ ಅಂಟಿಸಿ, ಮೇಲೆ ಅಂಟಿನಲ್ಲಿ ಅದ್ದಿದ ಕಾಗದದ ಚೂರುಗಳನ್ನು ಪದರಪದರವಾಗಿ ಹಾಕಿ. ಚೆನ್ನಾಗಿ ಒಣಗಿದ ಮೇಲೆ ಬಡಗಿಗಳು ಬಳಸುವ ಉಪ್ಪುಕಾಗದದಿಂದ ಉಜ್ಜಿ. ಕಿಟಕಿಗೆ ಅಂಗಿಯ ಪೆಟ್ಟಿಗೆಯ ಪಾರದರ್ಶಕ ಹಾಳೆ, ಟೈರಿಗೆ ಹಳೆಯ ಸೈಕಲ್ ಟ್ಯೂಬು, ಬಂಪರಿಗೆ ಚಾಕೊಲೇಟಿನ ಬೆಳ್ಳಿಕಾಗದ ಸಾಕು. ಬಾಗಿಲಿನ ಸುತ್ತಲಿನ ಸಂದಿಯನ್ನು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೀಚಿ.

8, 64, 512

ಮಾದರಿಯ ಉದ್ದ ಎಂಟನೇ ಒಂದು ಪಾಲು. ಹಾಗಾದರೆ ತೂಕವೂ ಎಂಟನೇ ಒಂದು ಪಾಲೇ? ಅಲ್ಲ! ಉದ್ದ, ಅಗಲ, ಎತ್ತರ ಮೂರೂ ಎಂಟು ಪಟ್ಟು ಕಡಿಮೆಯಾಗಿವೆ. ಆದ್ದರಿಂದ ಮೇಲ್ಮೈಯ ವಿಸ್ತೀರ್ಣ 8 × 8 = 64ನೇ ಒಂದು ಪಾಲು, ಗಾತ್ರ 8 × 8 × 8 = 512ನೇ ಒಂದು ಪಾಲು. ಅಂಬಾಸಿಡರಿನ ತೂಕ ಸುಮಾರು 1,100 ಕಿಲೋಗ್ರಾಂ. ಅದೇ ವಸ್ತುಗಳಿಂದ ಪ್ರತಿಯೊಂದು ಭಾಗವನ್ನೂ ಈ ಪ್ರಮಾಣದಲ್ಲಿ ಮಾಡಿದರೆ ಮಾದರಿ ತೂಗುವುದು ಎರಡು ಕಿಲೋಗ್ರಾಂಗಿಂತ ಸ್ವಲ್ಪವೇ ಹೆಚ್ಚು.

ದಪ್ಪದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಕಾರಿನ ತಗಡು ಸುಮಾರು 1 ಮಿಲಿಮೀಟರ್ ದಪ್ಪ ಎಂದುಕೊಳ್ಳಿ. ಮಾದರಿಯಲ್ಲಿ ಅದು 0.125 ಮಿ.ಮೀ. ಆಗಬೇಕು. ಅದು ನಿಮ್ಮ ನೋಟ್‌ಬುಕ್ಕಿನ ಹಾಳೆಯಷ್ಟೇ ದಪ್ಪ! ನಾವು ಬಳಸುವ 2 ಮಿ.ಮೀ. ರಟ್ಟಿನಲ್ಲಿ ತುಕ್ಕಿನ ತೂತು ಕೊರೆದರೆ ಅದರ ಅಂಚು 16 ಮಿ.ಮೀ. ದಪ್ಪದ ಉಕ್ಕಿನಂತೆ ಕಾಣುತ್ತದೆ. ಯುದ್ಧದ ಟ್ಯಾಂಕಿಗೆ ಅದು ಸರಿ, ಕಾರಿಗಲ್ಲ. ಆದ್ದರಿಂದ ತೂತು ಬೇಕಾದ ಕಡೆ ರಟ್ಟನ್ನು ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಮೇಲೆ ತೆಳುವಾದ ಕಾಗದ ಅಂಟಿಸಿ, ಆ ಕಾಗದದಲ್ಲಿ ತೂತು ಮಾಡಿ.

ಬಣ್ಣಕ್ಕೂ ಇದೇ ನಿಯಮ. ಕಾರಿನ ಬಣ್ಣದ ಪದರ ಸುಮಾರು 0.1 ಮಿ.ಮೀ. ದಪ್ಪ. ಎಂಟನೇ ಒಂದು ಪಾಲೆಂದರೆ ತಲೆಗೂದಲಿಗಿಂತಲೂ ಎಷ್ಟೋ ತೆಳು. ಬ್ರಷ್ಷಿನಿಂದ ದಪ್ಪಗೆ ಬಳಿದರೆ ನೀವು ಗೀಚಿದ ಬಾಗಿಲಿನ ಸಂದಿಯೆಲ್ಲ ಮುಚ್ಚಿಹೋಗುತ್ತದೆ. ತೆಳುವಾಗಿ ಎರಡು ಮೂರು ಸಲ ಬಳಿಯುವುದೇ ಸರಿ.

ಕಾರಿಗೆ ವಯಸ್ಸಾಗುವುದು ಹೇಗೆ?

ಬಣ್ಣ ಹಚ್ಚುವ ಮೊದಲು ನಿಜವಾದ ಹಳೆಯ ವಾಹನವೊಂದನ್ನು ಗಮನವಿಟ್ಟು ನೋಡಿ. ಅದರ ಮೇಲೆ ಮೂರು ಶತ್ರುಗಳು ಕೆಲಸ ಮಾಡಿರುತ್ತವೆ.

ಬಿಸಿಲು: ಪೇಂಟಿನಲ್ಲಿ ಬಣ್ಣ ಕೊಡುವ ಪುಡಿ ಇರುತ್ತದೆ, ಆ ಪುಡಿಯನ್ನು ಹಿಡಿದಿಡುವ ಅಂಟಿನಂಥ ವಸ್ತುವೂ ಇರುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಈ ಅಂಟನ್ನು ಒಡೆಯುತ್ತವೆ. ಪುಡಿ ಸಡಿಲವಾಗುತ್ತದೆ. ಹಳೆಯ ವಾಹನದ ಮೇಲೆ ಬೆರಳಾಡಿಸಿದರೆ ಸೀಮೆಸುಣ್ಣದಂತೆ ಬಣ್ಣ ಹತ್ತುವುದು ಇದರಿಂದಲೇ. ನೆತ್ತಿಯ ಬಿಸಿಲು ಹೆಚ್ಚು ಬೀಳುವ ಚಾವಣಿ ಮತ್ತು ಬಾನೆಟ್ಟಿನ ಹೊಳಪು ಮೊದಲು ಹೋಗುತ್ತದೆ.

ನೀರು: ಕಬ್ಬಿಣ, ನೀರು, ಆಕ್ಸಿಜನ್ – ಮೂರೂ ಕೂಡಿದರೆ ತುಕ್ಕು. ನೀರು ಮತ್ತು ಗಾಳಿಯನ್ನು ದೂರವಿಡುವ ಕಾವಲುಗಾರ ಎಂದರೆ ಬಣ್ಣದ ಪದರ. ಚಕ್ರದಿಂದ ಸಿಡಿದ ಕಲ್ಲು ಬಣ್ಣವನ್ನು ಒಂದು ಚುಕ್ಕಿಯಷ್ಟು ಕಿತ್ತರೂ ಸಾಕು, ಅಲ್ಲಿಂದ ತುಕ್ಕು ಶುರು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಅದು ಉಬ್ಬಿ ಸುತ್ತಲಿನ ಬಣ್ಣವನ್ನು ಒಳಗಿನಿಂದ ಎತ್ತುತ್ತದೆ. ಬಣ್ಣ ಗುಳ್ಳೆಯಾಗಿ ಒಡೆಯುತ್ತದೆ. ಆಗ ಇನ್ನಷ್ಟು ನೀರಿಗೆ ದಾರಿಯಾಗುತ್ತದೆ.

ಬಾಗಿಲಿನ ಕೆಳ ಅಂಚನ್ನು ನೋಡಿ. ತುಕ್ಕು ಅಲ್ಲೇ ಏಕೆ ಹೆಚ್ಚು? ಮಳೆಯ ನೀರು ಕಿಟಕಿಗಾಜಿನ ಸಂದಿಯಿಂದ ಬಾಗಿಲಿನ ಒಳಗೆ ಇಳಿಯುತ್ತದೆ. ಅದು ಹೊರಗೆ ಹರಿಯಲೆಂದು ತಳದಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಧೂಳು, ಎಲೆಚೂರು ಸೇರಿ ಕಿಂಡಿ ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಬಾಗಿಲು ಒಳಗಿನಿಂದ ಹೊರಕ್ಕೆ ತುಕ್ಕು ಹಿಡಿಯುತ್ತದೆ. ಉಪ್ಪು ಇದ್ದರಂತೂ ಕೆಲಸ ಬೇಗ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವುದರಿಂದ ತುಕ್ಕಿನ ಕ್ರಿಯೆ ಚುರುಕಾಗುತ್ತದೆ. ಮಂಗಳೂರು, ಕಾರವಾರದ ಕಡಲ ತಡಿಯ ವಾಹನಗಳು ಒಣ ಹವೆಯ ವಿಜಯಪುರ, ಕಲಬುರಗಿಯ ವಾಹನಗಳಿಗಿಂತ ಬೇಗ ತುಕ್ಕು ಹಿಡಿಯುವುದು ಇದಕ್ಕೇ.

ಧೂಳು, ಕೆಸರು: ಕೆಸರು ಚಕ್ರದ ಹಿಂದೆ ಸಿಡಿಯುತ್ತದೆ. ಧೂಳು ಸಮತಲದ ಮೇಲೆ ಕೂರುತ್ತದೆ. ಮುಂಗಾಜಿನ ಮೇಲೆ ವೈಪರ್ ಒರೆಸಿದ ಕಡೆ ಮಾತ್ರ ಬೀಸಣಿಗೆಯ ಆಕಾರದಲ್ಲಿ ಸ್ವಚ್ಛ. ಬಾಗಿಲಿನ ಹಿಡಿಯ ಸುತ್ತ ಕೈಜಿಡ್ಡಿನ ಕಪ್ಪು. ಹೊಗೆಕೊಳವೆಯ ಬಾಯಲ್ಲಿ ಮಸಿ.

ಮಾದರಿಯ ಮೇಲೆ ಮಾಡುವುದು ಹೇಗೆ?

1. ತುಕ್ಕಿನ ಪುಡಿ: ಲೇತ್ ಅಥವಾ ವೆಲ್ಡಿಂಗ್ ಅಂಗಡಿಯಿಂದ ದೊಡ್ಡವರ ಮೂಲಕ ಸ್ವಲ್ಪ ಕಬ್ಬಿಣದ ಅರಪುಡಿ ತರಿಸಿ. ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳದಲ್ಲಿ ಹರಡಿ, ಉಪ್ಪುನೀರು ಚಿಮುಕಿಸಿ, ಮೂರು ನಾಲ್ಕು ದಿನ ಬಿಡಿ. ಒಣಗಿದ ಕಂದುಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಇದು ಸಿಗದಿದ್ದರೆ ಕೆಮ್ಮಣ್ಣು ಬಳಸಿ. ಅದರ ಕೆಂಪಿಗೂ ಕಬ್ಬಿಣದ ಆಕ್ಸೈಡೇ ಕಾರಣ! ಸಂಡೂರಿನ ಬೆಟ್ಟಗಳ ಅದಿರಿನಲ್ಲಿರುವುದೂ ಅದೇ.

2. ತಳದ ಬಣ್ಣ: ತುಕ್ಕು ಬೇಕಾದ ಕಡೆಯಲ್ಲೆಲ್ಲ ಕಂದು ಬಣ್ಣದ ಅಕ್ರಿಲಿಕ್ ಬಳಿಯಿರಿ. ಇದು ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ.

3. ಮೇಣ: ಒಣಗಿದ ಕಂದಿನ ಮೇಲೆ ಅಲ್ಲಲ್ಲಿ ಮೇಣದಬತ್ತಿಯನ್ನು ಉಜ್ಜಿ. ಈಗ ಇಡೀ ಕಾರಿಗೆ ಬಿಳಿ ಬಣ್ಣ ಕೊಡಿ. ಮೇಣದ ಮೇಲೆ ಬಣ್ಣ ಗಟ್ಟಿಯಾಗಿ ಕೂರುವುದಿಲ್ಲ. ಒಣಗಿದ ಮೇಲೆ ಒರಟು ಬಟ್ಟೆಯಿಂದ ತಿಕ್ಕಿದರೆ ಬಿಳಿ ಕಿತ್ತು ಕಂದು ಕಾಣುತ್ತದೆ. ಅಂಚು ಅಂಕುಡೊಂಕಾಗಿ, ನಿಜವಾಗಿ ಬಣ್ಣ ಎದ್ದುಹೋದಂತೆಯೇ ಇರುತ್ತದೆ.

4. ಸಂದಿಯ ಕೊಳೆ: ಕಪ್ಪು-ಕಂದು ಬಣ್ಣವನ್ನು ಬಹಳ ನೀರಾಗಿ ಕಲಸಿ ಬಾಗಿಲಿನ ಸಂದಿಗೆ ಮುಟ್ಟಿಸಿ. ಅದು ಗುಂಡುಹನಿಯಾಗಿ ನಿಂತುಬಿಡಬಹುದು. ಏಕೆ? ನಾವು ಕಾರನ್ನು ಕುಗ್ಗಿಸಿದೆವು, ಆದರೆ ನೀರಿನ ಹನಿ ಕುಗ್ಗಲಿಲ್ಲ. ಅದರ ಮೇಲ್ಮೈ ಎಳೆತ ಹಾಗೆಯೇ ಇದೆ. ಒಂದು ತೊಟ್ಟು ಸಾಬೂನು ನೀರು ಸೇರಿಸಿ. ಎಳೆತ ಕಡಿಮೆಯಾಗಿ ಬಣ್ಣ ಸಂದಿಯುದ್ದಕ್ಕೂ ತಾನೇ ಓಡುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇಂಥದೇ ಲೋಮನಾಳ ಕ್ರಿಯೆಯಿಂದ.

5. ತುಕ್ಕು ಮತ್ತು ಧೂಳು: ಕಂದು ಕಂಡ ಕಡೆ ತೆಳುವಾದ ಅಂಟುನೀರು ಸವರಿ ತುಕ್ಕಿನ ಪುಡಿ ಉದುರಿಸಿ. ಮಳೆನೀರು ಇಳಿಸಿದ ಗೆರೆಗಳು ಮೇಲಿನಿಂದ ಕೆಳಕ್ಕೇ ಇರಲಿ. ಗುರುತ್ವಕ್ಕೆ ಬೇರೆ ದಾರಿ ಗೊತ್ತಿಲ್ಲ! ಧೂಳಿಗೆ ಮರಳು ಬೇಡ. ಅರ್ಧ ಮಿ.ಮೀ. ಮರಳಿನ ಕಣ ಈ ಕಾರಿಗೆ 4 ಮಿ.ಮೀ. ಜಲ್ಲಿಕಲ್ಲು. ಬಟ್ಟೆಯಲ್ಲಿ ಸೋಸಿದ ಸೀಮೆಸುಣ್ಣದ ಪುಡಿಗೆ ಚೂರು ಕೆಮ್ಮಣ್ಣು ಬೆರೆಸಿ ಸವರಿ.

6. ಕೂತ ಭಂಗಿ: ಹಳೆಯ ಅಂಬಾಸಿಡರಿನ ಹಿಂದಿನ ಪಟ್ಟಿ ಸ್ಪ್ರಿಂಗುಗಳು ಸೋತು ಹಿಂಭಾಗ ತಗ್ಗಿರುತ್ತದೆ. ಮಾದರಿಯ ಹಿಂಭಾಗವನ್ನು ಬರೇ 3 ಮಿ.ಮೀ. ಇಳಿಸಿ ನೋಡಿ. ನಿಜವಾದ ಕಾರಿನಲ್ಲಿ ಅದು 24 ಮಿ.ಮೀ.

ಪ್ರತಿ ಕಲೆಗೂ ಒಂದು ಕಾರಣ

ಹೊಸಬರು ಇಡೀ ಕಾರಿಗೆ ತುಕ್ಕು ಬಳಿದುಬಿಡುತ್ತಾರೆ. ಟೈರಿಗೂ, ದೀಪದ ಗಾಜಿಗೂ! ರಬ್ಬರು ಬಿಸಿಲಿಗೆ ಬಿರಿಯುತ್ತದೆ, ತುಕ್ಕು ಹಿಡಿಯುವುದಿಲ್ಲ. ಅಲ್ಯೂಮಿನಿಯಂ ಮೇಲೆ ಅದರದೇ ಆಕ್ಸೈಡಿನ ಗಟ್ಟಿ ಪದರ ಕೂತು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಸಡಿಲ, ಅದು ಕಾಯುವುದಿಲ್ಲ. ಆದ್ದರಿಂದ ಮಾದರಿ ಮುಗಿದ ಮೇಲೆ ಗೆಳೆಯರಿಗೆ ಒಂದು ಪರೀಕ್ಷೆ ಮಾಡಲು ಹೇಳಿ. ಅವರು ಯಾವುದೇ ಕಲೆಯ ಮೇಲೆ ಬೆರಳಿಟ್ಟು ‘ಇದು ಹೇಗೆ ಬಂತು?’ ಎಂದು ಕೇಳಲಿ. ಉತ್ತರ ಹೇಳಲಾಗದ ಕಲೆಯನ್ನು ಅಳಿಸಿಬಿಡಿ.

ಎಚ್ಚರಿಕೆ

* ರಟ್ಟು ಕತ್ತರಿಸುವಾಗ ದೊಡ್ಡವರು ಜೊತೆಗಿರಲಿ. ಬ್ಲೇಡು ಮೈಯಿಂದ ಆಚೆಗೆ ಸರಿಯಲಿ.
* ಪುಡಿಗಳನ್ನು ಜರಡಿ ಹಿಡಿಯುವಾಗ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಆಮೇಲೆ ಸಾಬೂನಿನಿಂದ ಕೈ ತೊಳೆಯಿರಿ.
* ಮೂಲೆಯಲ್ಲಿ ಬಿಟ್ಟ ಹಳೆಯ ವಾಹನದೊಳಗೆ ಕೈ ಹಾಕಬೇಡಿ. ಹಾವು, ಚೇಳು ಇರಬಹುದು. ತಗಡು ತಾಗಿ ಗಾಯವಾದರೆ ತೊಳೆದು, ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಹೋಗಿ. ಧನುರ್ವಾಯು ಚುಚ್ಚುಮದ್ದು ಬೇಕಾಗಬಹುದು.

ನೋಡಿ, ಯೋಚಿಸಿ

1. ನಿಮ್ಮ ಸೈಕಲ್, ಶಾಲೆಯ ಗೇಟು, ಕೈಪಂಪು – ಇವುಗಳ ಚಿತ್ರ ಬರೆದು ತುಕ್ಕಿರುವ ಜಾಗಗಳನ್ನು ಕೆಂಪಿನಲ್ಲಿ ಗುರುತಿಸಿ. ನೀರು ನಿಲ್ಲುವ ಜಾಗಗಳನ್ನು ನೀಲಿಯಲ್ಲಿ ಗುರುತಿಸಿ. ಎರಡೂ ಎಲ್ಲೆಲ್ಲಿ ಕೂಡುತ್ತವೆ? ಮುಂದಿನ ಮಳೆಗಾಲಕ್ಕೆ ಮೊದಲು ಎಲ್ಲಿ ಬಣ್ಣ ಹಚ್ಚಬೇಕು ಎಂದು ನಿಮ್ಮ ಶಿಕ್ಷಕರಿಗೆ ತೋರಿಸಿ.
2. 1:4 ಪ್ರಮಾಣದಲ್ಲಿ ಮಾಡಿದರೆ ಮಾದರಿಯ ತೂಕ ನಿಜವಾದ ಕಾರಿನ ಎಷ್ಟನೇ ಒಂದು ಪಾಲು?
3. ಮಾದರಿಯ ಸೀಟಿನಲ್ಲಿ ಕೂರಿಸುವ ಚಾಲಕನ ಗೊಂಬೆ ಎಷ್ಟು ಎತ್ತರವಿರಬೇಕು? ನಿಮ್ಮ ಮನೆಯ ದೊಡ್ಡವರೊಬ್ಬರನ್ನು ಅಳೆದು ಲೆಕ್ಕ ಹಾಕಿ.